ಉಣ್ಣೆ ಕೆಮ್ಮು

…ಅಲ್ಲ, ಬಂದಾಗ್ಲಿಂದ ನನ್ನ ಮುಖಾನೇ ನೋಡ್ತಿದ್ದೀಯಲ್ಲ ಕೆಂಚಿ? ಕೆಮ್ಮಿದ್ದಕ್ಕಾ? ಅಯ್ಯೋ ನಿನ್ನ! ಉಣ್ಣೆ ಕೆಮ್ಮು ಕಣೇ ಇದು, ಉಣ್ಣೆ ಕೆಮ್ಮು! ಕಂಬಳಿ ನೇಯೋ ಮನೇಲಿ ಕೆಮ್ಮದೆ ಇರೋರು ಯಾರವ್ರೆ? ನಮ್ಮತ್ತೆ ಕೆಮ್ಮಿದ್ಲು, ಅವಳತ್ತೆ ಕೆಮ್ಮಿದ್ಲು, ಯಾರಾದ್ರೂ ಡಾಕ್ಟ್ರು ಹತ್ರ ಓಡಿದ್ರಾ? ನೀನು ಮೊಳಕಾಲ್ಮೂರಲ್ಲಿ ರೇಷ್ಮೆ ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತೋಳು. ರೇಷ್ಮೇಲಿ ಧೂಳೆಲ್ಲಿ ಬರ್ತೈತೆ? ಅದಕ್ಕೇ ಅಕ್ಕ ಒಂದ್ಸಲ ಕೆಮ್ಮಿದ್ರೆ ನಿಂಗೆ ಕಣ್ಣು ಇಷ್ಟಗಲ!

ಕೂತ್ಕ. ಚಾ ಆರೋಗ್ತೈತೆ, ಕುಡಿ.

ಗೊತ್ತಾಯ್ತು ಬಿಡು. ನಿಮ್ಮ ಭಾವ ಫೋನ್ ಮಾಡವ್ನೆ. ಹೌದೋ ಅಲ್ವೋ? ತಲೆ ಬಗ್ಗಿಸ್ಬ್ಯಾಡ, ಹೇಳು… ನೋಡಿದ್ಯಾ! ಹೇಡಿ ಅವ್ನು, ಹೇಡಿ! ನನ್ನ ಮುಂದೆ ಬಾಯಿ ಬರಲ್ಲ, ಮರೇಲಿ ನಿಂತು ನನ್ನ ತಂಗಿಗೆ ಫೋನು! ಮನೆ ಒಳಗೆ ಬೀಡಿ ಸೇದ್ಬ್ಯಾಡಿ, ಹೊಗೆ ಈಯಮ್ಮನ ಪುಪ್ಪುಸಕ್ಕೆ ಆಗಲ್ಲ ಅಂತ ಡಾಕ್ಟ್ರಮ್ಮ ಹೇಳಿದ್ದೇ ತಡ, ಬೇವಿನ ಮರದ ಕೆಳಗೆ ಹೋಗಿ ಸೇದ್ತಾನೆ. ಏನು ತ್ಯಾಗ, ಏನು ತ್ಯಾಗ! ಆಮೇಲೆ ಬಂದು ನನ್ನ ಪಕ್ಕದಲ್ಲೇ ಕೂತು ಉಸಿರು ಬಿಡ್ತಾನೆ. ಅದೇ ನಾತ.

ಯಾಕೆ ನಗ್ತೀಯಾ? ನಗು, ನಗು. ಆಸ್ಪತ್ರೇಲಿ ನಾನೂ ಹಂಗೇ ನಕ್ಕೆ.

ಎಡಗಡೆ ಎದೆ ಗಡ್ಡೆ ಆಪರೇಶನ್ ಆಗಿ, ಗಾಯ ಮಾಯ್ದು, ಕರೆಂಟ್ ಕೊಡೋಕೆ, ಅದೇ ರೇಡಿಯೇಶನ್ನು ಅಂತಾರಲ್ಲ ಅದಕ್ಕೆ ಅಂತ ಆ ತಣ್ಣನೆ ಕೋಣೇಲಿ ಮಲಗಿಸಿದ್ರು ನೋಡು, ಆಗ ಬಂದ್ಲು ಡಾಕ್ಟ್ರಮ್ಮ. ನಿನ್ನ ಮಗಳು ಹರ್ಷಿತಾಳಷ್ಟೇ ಅವ್ಳೆ. ನಂಗೆ ಉಸಿರಾಡೋದು ಕಲಿಸ್ತಾಳಂತೆ! 'ಎದೆ ತುಂಬ ಉಸಿರು ಎಳ್ಕಳಿ ಅಮ್ಮಾ, ಹಂಗೇ ಹಿಡ್ಕಳಿ.' ಎದೆ ಉಬ್ಬಿದ್ರೆ ಗುಂಡಿಗೆ ಆಚೆ ಸರಿತೈತಂತೆ, ಪುಪ್ಪುಸಕ್ಕೂ ಕರೆಂಟು ಕಮ್ಮಿ ತಾಗ್ತೈತಂತೆ. ಐವತ್ತು ವರ್ಷ ನಾನೇನು ಇವಳನ್ನ ಕೇಳಿ ಉಸಿರಾಡಿದ್ನಾ?

ನಾನಂದೆ, ಏ ತಾಯಿ, ಬಿಲ್ಲು ಹಿಡಿದು ಉಣ್ಣೆ ಹೊಡೆದು ಬಿಡಿಸೋವಾಗ ಧೂಳು ಕೆಳಗೆ ಕೂರೋ ತಂಕ ಉಸಿರು ಕಟ್ಕಂಡು ಕೂರೋ ಜನ ನಾವು. ಸುಸ್ತಾದ್ರೆ ನಿನ್ನ ಮಿಷನ್ ಸುಸ್ತಾಗ್ಬೇಕು, ನಾನಲ್ಲ! ಹಂಗೇ ಆಯ್ತು ಕಣೇ. 'ಬಿಡೀಮ್ಮಾ, ಉಸಿರು ಬಿಡೀಮ್ಮಾ' ಅಂತ ಮೈಕಲ್ಲಿ ಅವ್ರೇ ಬೇಡ್ಕೋಬೇಕು. ನನ್ನ ಜೊತೆ ಕರೆಂಟಿಗೆ ಬರ್ತಿದ್ದ ಕೊಟ್ರಮ್ಮನ ಕೈಲಿ ಆಗ್ತಾನೇ ಇರ್ಲಿಲ್ಲ. ಓಡಿ ಬಂದ ನಾಯಿಯಂಗೆ ತೇಕೋಳು. ನಾನು ಎಷ್ಟು ಆಡ್ಕಂಡು ನಕ್ಕಿದೀನಿ…

ಏನು? ಕೊಟ್ರಮ್ಮನಾ? ಅವ್ಳೆ, ಚೆನ್ನಾಗವ್ಳೆ. ಇರ್ಬೇಕು. ನಂಗೇನು ಗೊತ್ತು, ಅವಳೇನು ನನ್ನ ನೆಂಟಳಾ?

ಕೊನೇ ದಿನ ಡಾಕ್ಟ್ರಮ್ಮಂದು ಇನ್ನೊಂದು ಪುರಾಣ. ಎಷ್ಟು ಹುಷಾರಾಗಿ ಕೊಟ್ರೂ ಪುಪ್ಪುಸಕ್ಕೆ ಒಂಚೂರು ತಾಗೇ ತಾಗ್ತೈತಂತೆ. ಕೆಲವ್ರಿಗೆ ತಿಂಗಳೊಪ್ಪತ್ತಿಗೋ ಆರು ತಿಂಗಳಿಗೋ ಒಣ ಕೆಮ್ಮು ಬರ್ತೈತಂತೆ, ಏದುಸಿರು ಬರ್ತೈತಂತೆ. ಬಂದ್ರೆ ಕಷಾಯ ಕುಡ್ಕಂಡು ಕೂರ್ಬ್ಯಾಡಿ, ತಕ್ಷಣ ಬನ್ನಿ, ಬೇಗ ಬಂದ್ರೆ ಮಾತ್ರೇಲೇ ತಡೀಬೋದು, ತಡ ಮಾಡಿದ್ರೆ ಪುಪ್ಪುಸ ಗಡುಸಾಗ್ತೈತೆ… ಅಂತ. ಆಹಾ! ಕೆಮ್ಮಿದೋರೆಲ್ಲ ಆಸ್ಪತ್ರೆಗೆ ಹೊರಟ್ರೆ ಚಳ್ಳಕೆರೆ ಬಸ್ಸಲ್ಲಿ ಕಂಬಳಿ ಮನೆಯೋರು ಬಿಟ್ಟು ಇನ್ಯಾರೂ ಹತ್ತಂಗಿಲ್ಲ. ಅವಳಿಗೇನು ಗೊತ್ತು ಕಂಬಳಿ ಮನೆ…

ತಡಿ… ನೀರು… ಆ ಚೊಂಬು ಕೊಡು…

ಹಾಂ. ನೋಡು, ಬರೀ ಧೂಳು. ಬೆಳಿಗ್ಗೆಯಿಂದ ರಾಟೆ ಮುಂದೆ ಕೂತು ನೂತಿದ್ದೇ ನೂತಿದ್ದು, ಎದೆಯೆಲ್ಲ ಉಣ್ಣೆ ತುಂಬ್ಕಂಡೈತೆ.

ಎಲ್ಲಿಗೆ ಎದ್ದೆ? ಆ ಮೂಲೇಲಿ ಏನಿಲ್ಲ. ರಾಟೆ ಐತೆ, ಮೇಲೆ ಕಂಬಳಿ ಹೊಚ್ಚೀನಿ. ಬಿಡು ಅದನ್ನ. ತೆಗಿಬ್ಯಾಡ. ತೆಗಿಬ್ಯಾಡ ಅಂದ್ನಲ್ಲ ಕೆಂಚಿ!

…ಜೇಡ ಎಲ್ಲರ ಮನೇಲೂ ಬಲೆ ಕಟ್ತೈತೆ. ನಿನ್ನ ಮನೇಲಿ ಕಟ್ಟಲ್ವಾ? ಒಂದೆರಡು ದಿನ ಮುಟ್ಟದಿದ್ರೆ ಸಾಕು. ಉಣ್ಣೆ ಅಟ್ಟದ ಮೇಲೈತೆ… ನೋಡ್ಬ್ಯಾಡ, ಹತ್ತಬ್ಯಾಡ. ಇಲ್ಲ. ಅಟ್ಟದ ಮೇಲೂ ಇಲ್ಲ. ಈ ಸಲ ಕುರಿ ಉಣ್ಣೆ ಕತ್ತರಿಸಿದಾಗ ನಾನು ತಗೊಂಡೇ ಇಲ್ಲ. ಸಾಕಾ?

ಏನಾದ್ರೂ ಅನ್ನೇ. ಬಯ್ಯೇ! ಮೊಳಕಾಲ್ಮೂರಿಗೆ ಹೋಗಿ ಕಲ್ತಿದ್ದೀಯಲ್ಲ, ಆ ತೆಲುಗಲ್ಲಾದ್ರೂ ಬಯ್ಯೇ! ಹಿಂಗೆ ರಾಟೆ ಹಿಡ್ಕಂಡು ನಿಂತ್ಕಬ್ಯಾಡ.

ಏನು, ನಂಗೆ ಉಸಿರಿಲ್ಲ ಅಂದ್ಕಂಡ್ಯಾ? ನೋಡಿಲ್ಲಿ. ಅವತ್ತು ಮಿಷನ್ ಕೆಳಗೆ ಹಿಡಿದಂಗೇ ಹಿಡೀತೀನಿ. ಎದೆ ತುಂಬ ಎಳೀತೀನಿ ನೋಡು. ನೋಡ್ತಿರು…

…ಇರು. ಬಾಯಿ ಒಣಗಿತ್ತು, ಅದಕ್ಕೆ. ಇನ್ನೊಂದ್ಸಲ…

…ಆಗ್ತಿಲ್ಲ ಕಣೇ.

ಕೊಟ್ರಮ್ಮ ತೀರ್ಕಂಡ್ಲು ಕೆಂಚಿ. ಅವಳಿಗೂ ಹಿಂಗೇ ಒಣ ಕೆಮ್ಮು. ಆಸ್ಪತ್ರೆಗೆ ಹೋದ್ಲು, ಎದೆ ಫೋಟೋ ತೆಗೆದ್ರು, ಗಡ್ಡೆ ಪುಪ್ಪುಸಕ್ಕೆ ಹಬ್ಬೈತೆ ಅಂದ್ರು. ನಂಗೂ ಹಂಗೇ ಅಂದ್ಬಿಟ್ರೆ? ಕರೆಂಟಿಂದು ಬಂದಿದ್ದಾದ್ರೆ ಮಾತ್ರೆ ಐತೆ ಅಂದ್ಲು, ಸರಿ. ಅದಲ್ದೆ ಇದಾಗಿದ್ರೆ? ಹೋದ್ರೆ ತಾನೇ ಹೇಳೋದು. ಉಣ್ಣೆ ಕೆಮ್ಮು, ಉಣ್ಣೆ ಕೆಮ್ಮು ಅಂತಿದ್ರೆ ಅದೇ ಆಗ್ಬಿಡ್ತೈತೇನೋ ಅಂತ… ನಂಗೆ ಭಯ ಕಣೇ. ಬಾಳ ಭಯ.

ಏನು ಮಾಡ್ತಿದ್ದೀಯಾ? ನನ್ನ ಸೀರೆ ಯಾಕೆ ಚೀಲಕ್ಕೆ ತುರುಕ್ತೀಯಾ? ನನ್ನ ಒಂದು ಮಾತು ಕೇಳಲ್ಲ, ಬಂದೋಳೇ ಯಜಮಾನಿಕೆ ಮಾಡ್ತಾಳೆ…

ಆ ಹಸಿರು ರವಿಕೆ ಅಲ್ಲ, ದಡ್ಡಿ. ಮುಂದೆ ಗುಂಡಿ ಇರೋದು ಹಾಕು, ಫೋಟೋ ತೆಗಿಯೋರು ಬಿಚ್ಚಿ ಅಂತಾರೆ.

ನಿಮ್ಮ ಭಾವಂಗೆ ಒಂದು ಕೂಗು ಹಾಕು. ಬೇವಿನ ಮರದ ಕೆಳಗೇ ಇರ್ತಾನೆ. ಆಟೋ ಕರ್ಕಂಡು ಬಾ ಅನ್ನು. ಬಸ್‌ಸ್ಟಾಪ್ ತಂಕ ನಡಿಯೋಕೆ ನನ್ನ ಕೈಲಿ ಆಗಲ್ಲ.