ಎರಡು ಟಿಕೀಟು

ಕುರುಗೋಡಿಗೆ ಹೋಗುವ, ಇದ್ದಿಲಿನಿಂದ ಓಡುವ ಬಸ್ಸು ಬಳ್ಳಾರಿಯಲ್ಲಿ ಹೊಗೆಯುಗುಳುತ್ತ ನಿಂತಿತ್ತು. ಕಿಟಕಿಯ ಕೆಳಗೇ ಗಂಡ ಹೆಂಡತಿ ಇಬ್ಬರೂ ತಗ್ಗಿದ ದನಿಯಲ್ಲಿ ಜಗಳಕ್ಕೆ ನಿಂತಿದ್ದರು. ಹೆಂಡತಿಯ ಕಂಕುಳಲ್ಲಿ ಕೂಸು. ಒಳಗೆ ಕೂತಿದ್ದ ವಿರೂಪಮ್ಮ ಇಂಥದ್ದಕ್ಕೆ ಕಿವಿ ಮುಚ್ಚಿಕೊಳ್ಳುವವಳಲ್ಲ.

“ಹುಬ್ಬಳ್ಳಿಯಿಂದ ಮದ್ರಾಸಿನ ಟಿಕೀಟಿಗೆ ನಡುವ ಬಳ್ಳಾರ್ಯಾಗ ಒಂದು ದಿನ ಇಳೀಬೌದು ಅಂತ ನಾನ ಹೇಳಿದ್ದು ತಪ್ಪಾತು. ಗುಡ್ಡದ ಕ್ವಾಟಿ ನೋಡಿ ಛತ್ರದಾಗ ಇರೂಣು ಅಂದ್ರ, ನಿಂಗ ಕುರುಗೋಡಿನ ತವರು ನೆಪ್ಪಾತು.”

“ಬಿಟ್ಟಿ ಸಿಕ್ಕ ದಿನಾರೀ ಇದು. ಅವ್ವನ ಮಾರಿ ನೋಡಿ ಮೂರು ವರ್ಷಾತು. ಕೂಸನ್ನ ಒಮ್ಮಿ ತೋರಿಸಿ ಬರ್ತೀನಿ.”

“ನಿಮ್ಮಣ್ಣ ಗಾದೆಪ್ಪ ತಿರುಗಿ ಕಳಸ್ತಾನೇನು? ನಮ್ಮ ಲಗ್ನಾನ ಒಪ್ಪದಾಂವ. ನಾನು ಬಂದ್ರ ಕಾಲು ಮುರೀತಾನ.”

“ಕಳಸದಿದ್ರ ನಡಕೊಂತ ಬರ್ತೀನಿ.”

“ಹಂಗಾದ್ರ ಕೂಸನ್ನ ನನ್ನ ಕಡಿ ಬಿಟ್ಟು ಹೋಗು, ಊರಮ್ಮ.”

“ಬಿಟ್ಟು ಹೋದ್ರ ಅವ್ವಗ ಏನು ತೋರಿಸ್ಲಿ?”

ಬಸ್ಸು ಗುರ್ರೆಂದು ನಡುಗಿತು. ಅವನು ಅಂಗಿಯ ಜೇಬಿನಿಂದ ಎರಡು ರೈಲು ಟಿಕೀಟು ತೆಗೆದು, ಒಂದನ್ನು ಅವಳತ್ತ ಚಾಚಿದ.

“ತಗೋ. ನಿಂದು ನಿನ್ನ ಕಡೀನ ಇರ್ಲಿ. ನಾಳಿ ಮಧ್ಯಾಹ್ನ ರೈಲು ಐತಿ.”

“ಬ್ಯಾಡ್ರಿ. ಅಣ್ಣ ಕಂಡ್ರ ಹರದು ಹಾಕ್ತಾನ. ಎರಡೂ ನಿಮ್ಮ ಕಡೀನ ಇರ್ಲಿ.”

ಅವಳು ಹತ್ತಿ ಬಂದು ವಿರೂಪಮ್ಮನ ಪಕ್ಕ ಕೂತಳು, ತಿರುಗಿ ನೋಡಲಿಲ್ಲ. ನೋಡಿದವಳು ವಿರೂಪಮ್ಮ. ಬಸ್ಸು ತಿರುವು ದಾಟುವ ತನಕ ಅವನು ಎರಡೂ ಟಿಕೀಟು ತಿರುಗಿ ಇಟ್ಟ ಎದೆಯ ಜೇಬನ್ನು ಅಂಗೈಯಿಂದ ಒತ್ತಿಕೊಂಡೇ ನಿಂತಿದ್ದ.