ಮದುವೆಯ ದಿನ ಬೆಂಕಿ ಟ್ಯಾಂಕಿನ ಬುಡಕ್ಕೆ ಹಾಕಿದ ಪೈಪು

ನಾನು ಹಾಸಿಗೆ ಕಾರ್ಖಾನೆ ಮಾಲೀಕರ ಸೊಸೆ, ವಯಸ್ಸು 25, ವೃತ್ತಿ ಅದೇ ಕಾರ್ಖಾನೆಯಲ್ಲಿ ಬಟ್ಟೆಯ ವಿನ್ಯಾಸ, ವಾಸ ಕಾರ್ಖಾನೆಯ ಕಾಂಪೌಂಡಿನೊಳಗಿನ ಮನೆ. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನನಗೆ ಮದುವೆಯಾಗಿ ಮೂರು ವಾರವೂ ತುಂಬಿಲ್ಲ. ನನ್ನ ಗಂಡ ಕಾರ್ಖಾನೆಯ ಎಂಜಿನಿಯರ್. ಬಹಳ, ಬಹಳ ಒಳ್ಳೆಯವರು; ಇದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ನಿಶ್ಚಿತಾರ್ಥದ ನಂತರ ಅವರು ಮೊದಲ ಸಲ ಫೋನ್ ಮಾಡಿದಾಗ ಪ್ರೀತಿಯ ಮಾತಿಗೆ ಕಾದೆ. ಅವರು ಒಂದು ಗಂಟೆ, ಬೆಂಕಿ ಬಿದ್ದರೆ ಚಾವಣಿಯಿಂದ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗೆ ನೀರು ಎಲ್ಲಿಂದ ತರಬೇಕೆಂದು ವಿವರಿಸಿದರು. ಊರಿನ ನಲ್ಲಿ ಪೈಪೇ ಸಾಕೆಂಬುದು ಮಾವನವರ ವಾದ. ಪಕ್ಕದ ಕಾರ್ಖಾನೆಗಳು ನೀರೆಳೆದರೆ ಅದರಲ್ಲಿ ಒತ್ತಡ ಬೀಳುತ್ತದೆ, ಆದ್ದರಿಂದ ಸ್ವಂತ ಟ್ಯಾಂಕ್, ಸ್ವಂತ ಪಂಪ್ ಬೇಕೆಂದು ಇವರು ಹಟ ಹಿಡಿದು ಗೆದ್ದಿದ್ದರು. ಮನೆಗೂ ಅದೇ ಟ್ಯಾಂಕಿನ ನೀರು. ಆದರೆ ಮನೆಯ ಪೈಪನ್ನು ಟ್ಯಾಂಕಿನ ಅರ್ಧಕ್ಕಿಂತ ಮೇಲೆ ಜೋಡಿಸಿದ್ದರು. ಕೆಳಗಿನ ಅರ್ಧ ಬೆಂಕಿಗೇ ಮೀಸಲು. "ಅದು ಯಾರಪ್ಪನಿಗೂ ಸಿಗಲ್ಲ" ಎಂದು ನಕ್ಕರು. ನನಗೆ ಅವರು ಇಷ್ಟವಾದದ್ದು ಅಲ್ಲೇ.

ಮದುವೆ ಕಾರ್ಖಾನೆಯ ಅಂಗಳದಲ್ಲೇ ನಡೆಯಿತು. ನಮ್ಮ ಕಡೆಯವರನ್ನೂ ಕಾಂಪೌಂಡಿನ ಮನೆಯಲ್ಲೇ ಇಳಿಸಿದ್ದರು. ಬೆಳಿಗ್ಗೆ ನೆಂಟರೆಲ್ಲ ಮಿಂದು ಟ್ಯಾಂಕಿನ ಮೇಲಿನ ಅರ್ಧ ಖಾಲಿಯಾಗಿ, ನಾನು ತಲೆಗೆ ಸೋಪು ಹಚ್ಚಿಕೊಂಡಿದ್ದಾಗ ನೀರು ನಿಂತಿತು. ಸ್ನಾನದ ಮನೆಯ ಕಿಟಕಿಯ ಹೊರಗೇ ಟ್ಯಾಂಕ್. ಟ್ಯಾಂಕ್ ತೊಳೆದಾಗ ನೀರು ಬಿಡಲೆಂದು ಬುಡದಲ್ಲಿರುವ ವಾಲ್ವಿಗೆ ಮನೆಯ ಪೈಪು ಸಿಕ್ಕಿಸುವಂತೆ ಮಾವನವರು ಪ್ಲಂಬರ್‌ಗೆ ಹೇಳಿದರು. ಚಿಕ್ಕ ಯಜಮಾನ್ರು ಬೈತಾರೆ ಎಂದು ಆತ ಹಿಂಜರಿದ. "ಅವನು ಮದುಮಗ ಕಣಯ್ಯಾ, ಇವತ್ತು ಯಾರನ್ನೂ ಬೈಯೋ ಹಾಗಿಲ್ಲ. ಸಂಜೆ ಬಿಚ್ಚಿದ್ರಾಯ್ತು" ಎಂದರು ಮಾವನವರು. ನೀರು ಬಂತು. "ಥ್ಯಾಂಕ್ಯೂ ಮಾವಾ!" ಎಂದು ಒಳಗಿನಿಂದಲೇ ಕೂಗಿದೆ.

ಸಂಜೆ ಬಿಚ್ಚಲು ಬಂದ ಪ್ಲಂಬರ್‌ನನ್ನು, ಹೊಸ ಸೊಸೆಗೆ ನೀರಿನ ತಾಪತ್ರಯ ಬೇಡ, ಇರಲಿ ಬಿಡು ಎಂದು ಮಾವನವರೇ ವಾಪಸ್ ಕಳಿಸಿದರು.

ನಿನ್ನೆ ಮಧ್ಯಾಹ್ನ 1.20ಕ್ಕೆ ನಾನು, ನನ್ನ ಗಂಡ ಕಾರ್ಖಾನೆಯ ಮಹಡಿಯಲ್ಲಿ ಬಟ್ಟೆಯ ಮಾದರಿಗಳನ್ನಿಡುವ ಕೋಣೆಯಲ್ಲಿ ಊಟ ಮಾಡುತ್ತಿದ್ದಾಗ ಕೆಳಗೆ ಹತ್ತಿಗೆ ಬೆಂಕಿ ಹತ್ತಿತು. ಮೆಟ್ಟಿಲಿನ ತುಂಬ ಹೊಗೆ, ಕಿಟಕಿಗೆ ಸರಳು. ಕಾರ್ಖಾನೆಯ ಒಳಗಡೆಗಿದ್ದ ಗಾಜಿನಾಚೆ ಸ್ಪ್ರಿಂಕ್ಲರ್‌ಗಳು ತೆರೆದುಕೊಂಡದ್ದು ಕಂಡಿತು. ಅವರು ನನ್ನ ಕೈ ಹಿಡಿದು, "ನೋಡಿದ್ಯಾ? ಹೇಳಿರ್ಲಿಲ್ವಾ?" ಎಂದರು. ಎಷ್ಟು ಖುಷಿಯಾಗಿದ್ದರು! ಸ್ವಲ್ಪ ಹೊತ್ತಿಗೆ ನೀರು ಸಣ್ಣಗಾಗಿ ನಿಂತಿತು. ಟ್ಯಾಂಕ್ ಖಾಲಿಯಾಗಲು ಸಾಧ್ಯವೇ ಇಲ್ಲ ಎಂದು ಅವರು ಮತ್ತೆ ಮತ್ತೆ ಹೇಳಿದರು. ಹೇಗೆ ಸಾಧ್ಯವೆಂದು ನನಗೆ ಗೊತ್ತಿತ್ತು. ಅಗ್ನಿಶಾಮಕದವರು ಸರಳು ಕತ್ತರಿಸುವವರೆಗೂ ಅವರು ಬರಿಗೈಯಲ್ಲಿ ಬಾಗಿಲಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದಿದ್ದರು. ಎರಡೂ ಕೈ ಸುಟ್ಟು ಆಸ್ಪತ್ರೆಯಲ್ಲಿದ್ದಾರೆ.

ಈಗ ಪ್ಲಂಬರ್ ತಾನಾಗಿಯೇ ಪೈಪು ಹಾಕಿದನೆಂದು ಅವನನ್ನು ಇಲ್ಲಿ ಕೂರಿಸಲಾಗಿದೆ. ಬರುವಾಗ ಕಾರಿನಲ್ಲಿ ಮಾವನವರು, "ನೀನು ಸ್ನಾನದ ಮನೇಲಿದ್ದೆ ಕಣಮ್ಮಾ. ಒಳಗಿದ್ದೋರಿಗೆ ಹೊರಗಿನ ಮಾತು ಎಲ್ಲಿ ಕೇಳ್ಸುತ್ತೆ?" ಎಂದು ತುಂಬಾ ಮೆತ್ತಗೆ ಕೇಳಿದರು. ಅವರು ಹೊರಗೆ ಕಾಯುತ್ತಿದ್ದಾರೆ. ನಾನು ಹಿಂದಿರುಗಬೇಕಾದ್ದು ಅದೇ ಕಾರಿನಲ್ಲಿ, ಅದೇ ಮನೆಗೆ.

ನನಗೆ ಕೇಳಿಸಿತ್ತು.

ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದ್ದೇ ಇದೆ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಬೆಂಕಿ ಬಿದ್ದ ಮರುದಿನ
ಸಹಿ: (ಮದುವೆಗೆ ಮುಂಚಿನ ಸಹಿ. ಹೊಸದು ಇನ್ನೂ ಕೈಗೆ ಕೂತಿಲ್ಲ.)