ಉಜ್ಜುವ ಮೊದಲು ಎಳೆದ ಗೆರೆಗಳು

ಗ್ಲೆನ್‌ಬ್ರೇ ಶವಪೆಟ್ಟಿಗೆ ಕ್ಲಬ್ಬಿನ ಅಧ್ಯಕ್ಷರಾದ ಹೋನೆಯವರೇ, ಪ್ರಾರ್ಥನೆ ನಡೆಸಿಕೊಟ್ಟ ಪಾದ್ರಿ ಟಾಸ್ಕರ್ ಅವರೇ, ತಮ್ಮ ಪೆಟ್ಟಿಗೆಯನ್ನು ತಾವೇ ಕೂಡಿಸಿಕೊಂಡಿರುವ ಮತ್ತು ಇನ್ನೂ ಕೂಡಿಸಬೇಕಾಗಿರುವ ಸದಸ್ಯರೇ, ಚೀಸ್ ರೋಲು ತಣ್ಣಗಾಗುತ್ತಿದ್ದರೂ ಎದ್ದು ಹೋಗದೆ ಕೂತಿರುವ ಸಭಿಕರೇ,

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನಾನು ಓದಿದ್ದು ಹೊಳೆಯಾಚೆಯ ಒಂದೇ ಕೋಣೆಯ ಹಳ್ಳಿ ಶಾಲೆಯಲ್ಲಿ. ನಾಲ್ಕು ಜನರೆದುರು ನಿಂತು ಗಟ್ಟಿಯಾಗಿ ಓದಿದ್ದೆಂದರೆ ಚರ್ಚಿನಲ್ಲಿ ವಾರದ ವಾಚನ ಮಾತ್ರ. ಅದರಲ್ಲೊಂದು ಅನುಕೂಲವಿದೆ. ಮಾತು ದೇವರದು, ತಪ್ಪಿದರೆ ತಿದ್ದಲು ಪಾದ್ರಿಗಳಿದ್ದಾರೆ. ಇವತ್ತಿನ ಮಾತು ನನ್ನದೇ, ತಪ್ಪೂ ನನ್ನದೇ.

ಹೋನೆಯವರು ನನಗೆ ಎರಡು ಕೆಲಸ ಒಪ್ಪಿಸಿದ್ದಾರೆ. ಮೇಜಿನ ಮೇಲಿರುವ ಈ ಹೊಸ ಸ್ಯಾಂಡರನ್ನು, ಎಂದರೆ ಮರ ಉಜ್ಜಿ ನುಣುಪು ಮಾಡುವ ಯಂತ್ರವನ್ನು, ಕ್ಲಬ್ಬಿಗಾಗಿ ಆರಿಸಿ ತಂದವಳು ನಾನು. ಹೇಗೆ ಆರಿಸಿದೆ ಎಂದು ಹೇಳಬೇಕಂತೆ. ಆಮೇಲೆ ನಿಮ್ಮೆಲ್ಲರೆದುರು ಇದನ್ನು ಚಾಲೂ ಮಾಡಿ, ಅಲ್ಲಿ ಬಾಗಿಲ ಪಕ್ಕ ದುಪ್ಪಟಿ ಹೊದಿಸಿ ನಿಲ್ಲಿಸಿದ್ದಾರಲ್ಲ, ಆ ನನ್ನ ಸ್ವಂತ ಪೆಟ್ಟಿಗೆಯ ಮೇಲೆ ಮೊದಲ ಬಾರಿ ಓಡಿಸಬೇಕಂತೆ. ಮೊದಲನೆಯದಕ್ಕೆ ಒಪ್ಪಿದ್ದೇನೆ. ಎರಡನೆಯದಕ್ಕೆ ಇನ್ನೂ ಹೂಂ ಅಂದಿಲ್ಲ.

ಆರಿಸುವುದು ಏನು ಮಹಾ ಕೆಲಸ? ಇನ್ವರ್‌ಕಾರ್ಗಿಲ್ ಪೇಟೆಯ ಉಪಕರಣದ ಅಂಗಡಿಗೆ ಮನೆಯಿಂದ ಒಂದು ತುಂಡು ಹಲಗೆ ಕಂಕುಳಲ್ಲಿ ಇರುಕಿಕೊಂಡು ಹೋದೆ. ಅಂಗಡಿಯವರು, "ಡಬ್ಬದ ಮೇಲೆ ಎಲ್ಲಾ ಬರ್ದಿದೆಯಲ್ಲಮ್ಮ" ಅಂದರು. ನಾನು, "ಬರ್ದಿರೋದು ಅವ್ರು. ಉಜ್ಜೋದು ನಾವು" ಅಂದೆ. ಒಂದೊಂದನ್ನೇ ಹಲಗೆಯ ಮೇಲಿಟ್ಟು, ಒತ್ತದೆ, ಅದರ ಭಾರಕ್ಕೇ ಬಿಟ್ಟು ಓಡಿಸಿದೆ. ಓಡುತ್ತಿರುವಾಗಲೇ ಎತ್ತಿ ನೋಡಿದೆ. ಕೆಟ್ಟದ್ದಾದರೆ ಎತ್ತಿದ ಕೂಡಲೇ ಅಡಿಯ ತಟ್ಟೆ ಹುಚ್ಚು ಹಿಡಿದಂತೆ ಸುತ್ತುತ್ತದೆ, ಮತ್ತೆ ಮರಕ್ಕೆ ತಾಗಿದಾಗ ಕಚ್ಚುತ್ತದೆ. ಒಳ್ಳೆಯದು ಎತ್ತಿದರೂ ಸಮಾಧಾನದಲ್ಲಿರುತ್ತದೆ. ಆಮೇಲೆ ಹಲಗೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಹಂದಿಬಾಲದಂಥ ಸುರುಳಿ ಗೀರು ಕಂಡಿತೋ, ಆ ಯಂತ್ರ ಬೇಡ. ಧೂಳು ಚೀಲಕ್ಕೆ ಹೋಗದೆ ಮೂಗಿಗೆ ಬಂತೋ, ಬೇಡ. ಕೆಳಗಿಟ್ಟ ಮೇಲೂ ಬೆರಳು ಜುಮುಜುಮು ಅನ್ನುತ್ತಿದೆಯೋ, ನಮ್ಮ ಸದಸ್ಯರ ವಯಸ್ಸಿಗೆ ಅದು ಬೇಡವೇ ಬೇಡ. ತಟ್ಟೆ ಸವೆದರೆ ಬದಲಿ ತಟ್ಟೆ ಇದೇ ಊರಲ್ಲಿ ಸಿಗುತ್ತದೆಯೇ ಎಂದು ಕೇಳಿದೆ. ಇಷ್ಟೇ. ಊಟದ ಹೊತ್ತಿಗೆ ಮನೆಯಲ್ಲಿದ್ದೆ.

ಇದನ್ನೆಲ್ಲ ಯಾರಿಂದ ಕಲಿತೆ? ನಿಮಗೆ ಗೊತ್ತು. ನನ್ನ ಗಂಡ ಮರ್ಡೊ ಅವರಿಂದ. ಈ ಷೆಡ್ಡಿನಲ್ಲಿ ಅವರು ಕೂಡಿಸಿದ ಪೆಟ್ಟಿಗೆಯಲ್ಲಿ ನಮ್ಮೂರಿನ ಎಷ್ಟೋ ಜನ ಸುಖವಾಗಿ ಮಲಗಿದ್ದಾರೆ. ನಮ್ಮ ಹಳೆಯ ಸ್ಯಾಂಡರು ಸುರುಳಿ ಗೀರು ಬಿಡುತ್ತದೆಂದು ಮೊದಲು ಹೇಳಿದವರೂ ಅವರೇ. ಹೊಸದನ್ನು ತರುತ್ತೇನೆ ಎಂದವರೂ ಅವರೇ. ತಂದರೇ? ಒಂದರ ತೂಕ ಹೆಚ್ಚು, ಇನ್ನೊಂದರ ಸದ್ದು ಹೆಚ್ಚು, ಮತ್ತೊಂದರ ಚೀಲ ಸಡಿಲ. ಮೂರು ಚಳಿಗಾಲ ಹಾಗೇ ಕಳೆಯಿತು. ಕೇಳಿದಾಗಲೆಲ್ಲ ಒಂದೇ ಉತ್ತರ. "ಇರ್ಲಿ ಇವಳೇ, ಆಮೇಲೆ ನೋಡೋಣ. ಇನ್ನೂ ಒಳ್ಳೇದು ಬರತ್ತೆ."

ಅವರ ಉದ್ಯೋಗ ಉಣ್ಣೆಯ ದರ್ಜೆ ನೋಡುವುದು. ಕತ್ತರಿಸಿ ಎಸೆದ ಉಣ್ಣೆ ಮೇಜಿಗೆ ಬೀಳುವುದರೊಳಗೆ ಬೆರಳಲ್ಲಿ ಮುಟ್ಟಿ, ಇದು ಈ ರಾಶಿಗೆ, ಇದು ಆ ರಾಶಿಗೆ ಎನ್ನುತ್ತಿದ್ದ ಮನುಷ್ಯ. ಒಂದು ಸಲವೂ ತಪ್ಪಿದವರಲ್ಲ. ಆ ಕೈ ಮನೆಗೆ ಬಂದ ಮೇಲೆ ಎಲ್ಲಿ ಹೋಗುತ್ತಿತ್ತು? ನನ್ನನ್ನು ಮದುವೆಯಾಗೆಂದು ಕೇಳಲು ಆರು ವರ್ಷ ತೆಗೆದುಕೊಂಡರು. ನಮ್ಮ ಅಡುಗೆಮನೆಯ ಕಿಟಕಿಯಿಂದ ಸ್ಟೀವರ್ಟ್ ದ್ವೀಪ ಕಾಣುತ್ತದೆ. ಮದುವೆಯಾದ ವರ್ಷ ಅಲ್ಲಿಗೆ ಹೋಗೋಣ ಎಂದೆವು. ಹೊಸ ದೋಣಿ ಬಿಡುತ್ತಾರಂತೆ, ಇರಲಿ ಎಂದರು. ಮಗು ಬೇಕು ಅಂದೆ. ಸೋರುವ ಮಾಡು ಬಿಚ್ಚಿ ಹೊಸದು ಹಾಕಿದ ಮೇಲೆ ಎಂದರು. ಮಾಡು ಹಾಕಿದರು. ಒಳ್ಳೆಯ ಮಾಡು, ಇವತ್ತಿಗೂ ಒಂದು ಹನಿ ಸೋರುವುದಿಲ್ಲ.

ಅದಿರಲಿ. ಎಲ್ಲಿದ್ದೆ ನಾನು? ಸ್ಯಾಂಡರು.

ನಮ್ಮ ಹೊಲದಂಚಿನಲ್ಲಿ ಗಾಳಿ ತಡೆಯಲು ನೆಟ್ಟ ಮ್ಯಾಕ್ರೊಕಾರ್ಪ ಮರಗಳ ಸಾಲಿದೆ. ಅದರಲ್ಲೊಂದು ಬಿರುಗಾಳಿಗೆ ಬಿತ್ತು. ಮರ್ಡೊ ಅದನ್ನೇ ಹಲಗೆ ಸೀಳಿಸಿ ಎರಡು ಪೆಟ್ಟಿಗೆ ಕೂಡಿಸಿದರು, ಅವರಿಗೊಂದು, ನನಗೊಂದು. ಐವತ್ತು ತುಂಬದವಳಿಗೆ ಈಗಲೇ ಯಾಕೆ ಎಂದು ಮೆರ್ಲ್ ನಕ್ಕಳು. ಇಲ್ಲೇ ಮೊದಲ ಸಾಲಿನಲ್ಲಿದ್ದಾಳೆ, ನಮ್ಮೆಲ್ಲರ ಪೆಟ್ಟಿಗೆಗೆ ಒಳಗಿನ ಬಟ್ಟೆ ಹೊಲಿಯುವವಳು. ಮರ್ಡೊ ಅವಳಿಗೆ, ಒಂದೇ ಮರದ್ದು, ಮತ್ತೆ ಸಿಗುವುದಿಲ್ಲ ಎಂದರು. ಅವರು ತಡಮಾಡದೆ ಮಾಡಿದ್ದು ಅದೊಂದೇ.

ಉಜ್ಜುವ ಮುನ್ನ ಹಲಗೆಯ ಮೇಲೆಲ್ಲ ಅಡ್ಡಾದಿಡ್ಡಿ ಪೆನ್ಸಿಲ್ ಗೆರೆ ಎಳೆಯುವುದು ನಮ್ಮ ಪದ್ಧತಿ. ಗೆರೆ ಅಳಿಸಿಹೋದ ಕಡೆ ಕೆಲಸ ಆಯಿತು. ಗೆರೆ ಉಳಿದ ಕಡೆ ಇನ್ನೂ ತಗ್ಗಿದೆ, ಉಜ್ಜಬೇಕು. ಒಂದು ಶನಿವಾರ ಮರ್ಡೊ ನನ್ನ ಪೆಟ್ಟಿಗೆಯ ನಾಲ್ಕೂ ಮಗ್ಗುಲಿಗೆ ಗೆರೆ ಎಳೆದು, ಮುಚ್ಚಳದ ಮೇಲೆ ಎಳೆದು, ಅದನ್ನು ಮಗುಚಿ ಒಳಗಡೆಯೂ ಎಳೆಯತೊಡಗಿದರು.

"ಅಲ್ರೀ, ಒಳಗಡೆ ಯಾಕೆ? ಮೆರ್ಲ್ ಹೆಂಗೂ ಬಟ್ಟೆ ಹೊಡೀತಾಳೆ. ಯಾರು ನೋಡ್ತಾರೆ?" ಅಂದೆ.

"ನೋಡೋಳು ನೀನೇ ಅಲ್ವೇನೇ? ಮೇಲೆ ಮುಖ ಮಾಡ್ಕೊಂಡು ಮಲಗಿರ್ತೀಯ. ಬೇರೆ ಏನಿದೆ ಅಲ್ಲಿ ನೋಡೋಕೆ?"

"ನಾನಾಗ ಕರ್ತನ ಮುಖ ನೋಡ್ತಿರ್ತೀನಿ."

"ಆತ ಬರೋದು ತಡ ಆದ್ರೆ?"

ಪಾದ್ರಿಗಳು ಕ್ಷಮಿಸಬೇಕು. ತಡದ ವಿಷಯ ಮರ್ಡೊ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತಮ್ಮ ಪೆಟ್ಟಿಗೆಗೆ ಒಂದು ಗೆರೆಯನ್ನೂ ಎಳೆದುಕೊಳ್ಳಲಿಲ್ಲ. "ನಿಂದು ಮೊದ್ಲು. ಒಳ್ಳೇ ಮಷೀನು ಬರ್ಲಿ" ಎಂದರು. ಎರಡನ್ನೂ ಗೋಡೆಗೆ ಒರಗಿಸಿದರು. ಆ ಚಳಿಗಾಲದಲ್ಲೇ ಉಣ್ಣೆಯ ಮೇಜಿನ ಮುಂದೆ ಕುಸಿದುಬಿದ್ದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಅವರ ಪೆಟ್ಟಿಗೆಯನ್ನು ಹಳೆಯ ಸ್ಯಾಂಡರಿನಲ್ಲಾದರೂ ಉಜ್ಜಿಬಿಡೋಣ ಎಂದು ಹೋನೆಯವರು ಅಂದರು. ನಾನು ಬೇಡವೆಂದೆ. ಹಂದಿಬಾಲಗಳ ನಡುವೆ ಅವರು ಮಲಗುವವರಲ್ಲ. ಮೆರ್ಲ್ ಮತ್ತು ಚರ್ಚಿನ ಹೆಂಗಸರು ಹಿಡಿಕೆಯ ಸುತ್ತ ಉಪ್ಪುಕಾಗದದಿಂದ ಕೈಯಲ್ಲೇ ತಿಕ್ಕಿದರು. ಉಳಿದದ್ದು ತರಿತರಿಯಾಗಿಯೇ ಹೋಯಿತು. ಅಷ್ಟು ತಿಕ್ಕಿದ್ದರೂ ಹೊತ್ತವರಲ್ಲಿ ಹೋನೆಯವರ ಅಂಗೈಗೆ ಸಿಬಿರು ಚುಚ್ಚಿತು. ಅದನ್ನು ಸೂಜಿಯಲ್ಲಿ ತೆಗೆದವಳು ನಾನೇ. ಎಲ್ಲರ ಪೆಟ್ಟಿಗೆ ನುಣುಪು ಮಾಡಿದ ಮನುಷ್ಯನದು ಮಾತ್ರ ಹಾಗೆ. ದೇವರ ಮೇಲೆ ನನಗೆ ದೂರಿಲ್ಲ. ಮರ್ಡೊ ಮೇಲೂ ಇಲ್ಲ. ಇಲ್ಲವೆಂದು ಪ್ರತಿ ಭಾನುವಾರ ಮೊಣಕಾಲೂರಿ ಹೇಳುತ್ತೇನೆ.

ಈಗ ಹೇಳಿ, ಸಭಿಕರೇ. ಈ ಯಂತ್ರವನ್ನು ನನ್ನ ಪೆಟ್ಟಿಗೆಯ ಮೇಲೆ ಇಟ್ಟರೆ ಮೊದಲು ಹೋಗುವುದೇನು? ಆ ಗೆರೆಗಳು. ಅವರ ಕೈ ನನಗಾಗಿ ಮಾಡಿದ ಕಡೆಯ ಕೆಲಸ. ಫೋಟೋ ಇದೆ, ಕೋಟು ಇದೆ, ಮಾಡು ಇದೆ. ಆದರೆ ಕೈ ಆಡಿದ ಗುರುತು ಅದೊಂದೇ. ದುಪ್ಪಟಿ ಸರಿಸಿ ಎಷ್ಟೋ ಸಲ ಬೆರಳಾಡಿಸಲು ಹೋಗಿದ್ದೇನೆ, ಗೆರೆ ಅಳಿಸೀತೆಂದು ಮುಟ್ಟದೆ ಬಂದಿದ್ದೇನೆ. ಅದಕ್ಕೇ ಇವತ್ತು ಬರುವ ದಾರಿಯುದ್ದಕ್ಕೂ ಕಾರಿನಲ್ಲಿ ಒಂದು ವಾಕ್ಯ ಅಭ್ಯಾಸ ಮಾಡಿಕೊಂಡು ಬಂದೆ. ಬೇರೆಯವರದು ಮೊದಲು ಉಜ್ಜಿ, ನನ್ನದು ಇರಲಿ, ಆಮೇಲೆ ನೋಡೋಣ ಎಂದು.

ಇಲ್ಲಿ ನಿಂತು ಅದನ್ನು ಬಾಯಿಬಿಟ್ಟು ಹೇಳಿದಾಗ ಕೇಳಿಸಿತು, ಅದು ಯಾರ ವಾಕ್ಯವೆಂದು.

ನಿಮಗೂ ಕೇಳಿಸಿರಬೇಕು. ಮೆರ್ಲ್, ಕಣ್ಣೊರೆಸಿಕೋ.

ಆ ಗೆರೆ ಇಟ್ಟುಕೊಳ್ಳಲೆಂದು ಎಳೆದದ್ದಲ್ಲ, ಅಳಿಸಲೆಂದೇ ಎಳೆದದ್ದು. ಉಳಿದರೆ ಕೆಲಸ ಬಾಕಿಯೆಂದೇ ಅರ್ಥ. ನಮ್ಮ ಮನೆಯಲ್ಲಿ ಬಾಕಿ ಉಳಿದದ್ದು ಸಾಕು. ಹೋನೆಯವರೇ, ದುಪ್ಪಟಿ ತೆಗೆಸಿ. ನಾನೇ ಉಜ್ಜುತ್ತೇನೆ, ಒತ್ತುವುದಿಲ್ಲ, ಅದರ ಭಾರಕ್ಕೇ ಬಿಡುತ್ತೇನೆ. ನಾಲ್ಕು ಮಗ್ಗುಲು ಮತ್ತು ಮುಚ್ಚಳದ ಮೇಲ್ಗಡೆ. ಮುಚ್ಚಳದ ಒಳಗಡೆ ಮಾತ್ರ ಯಾರೂ ಮುಟ್ಟಬೇಡಿ. ಮೆರ್ಲ್, ಅಲ್ಲಿಗೆ ಬಟ್ಟೆಯೂ ಬೇಡ. ಕರ್ತನು ಬರುವವನೇ, ಅದರಲ್ಲಿ ನನಗೆ ಸಂಶಯವಿಲ್ಲ. ಒಂದು ವೇಳೆ ತಡವಾದರೆ, ನೋಡುತ್ತಿರಲು ನನಗೆ ಅಷ್ಟಿರಲಿ.

ಇಷ್ಟು ಹೊತ್ತು ನನ್ನ ಮಾತನ್ನು ತಾಳಿಕೊಂಡ ನಿಮಗೆ, ಚಹಾ ಕಾಯಿಸಿಟ್ಟು ಕಾದಿರುವ ಅಡುಗೆಮನೆಯ ಹೆಂಗಸರಿಗೆ, ಅಂಗೈ ಕೊಟ್ಟು ಹೊತ್ತವರಿಗೆ ನಾನು ಋಣಿ. ಧೂಳು ಏಳುತ್ತದೆ, ಮುಂದಿನ ಸಾಲಿನವರು ಮೂಗಿಗೆ ಕರವಸ್ತ್ರ ಹಿಡಿದುಕೊಳ್ಳಿ. ಎಲ್ಲರಿಗೂ ನಮಸ್ಕಾರ.